ಪಾಲಿಗ್ರಾಫ್ ಮತ್ತು ನೇಮಕಾತಿ: ‘ಶೇ. 90 ನಿಖರ’ ಎಂದರೆ ಯಾವುದರಲ್ಲಿ ಶೇ. 90?

ಕೆಲಸಕ್ಕೆ ಅರ್ಜಿ ಹಾಕಿದವರು ಏನಾದರೂ ಮುಚ್ಚಿಡುತ್ತಿದ್ದಾರೆಯೇ ಎಂದು ನೋಡಲು ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಯಂತ್ರ, ಬಳಸುವುದುಂಟು. ಅದು ‘ಶೇ. 90 ನಿಖರ’ ಎಂಬ ಪ್ರಚಾರದ ಮಾತನ್ನೇ ಇಲ್ಲಿ ಪರಿಶೀಲಿಸೋಣ. ಯಂತ್ರದ ವಿಷಯ ಬೇಗ ಮುಗಿಸೋಣ, ಅಲ್ಲಿ ತೊಡಕಿಲ್ಲ. ಎದೆಗೊಂದು, ಹೊಟ್ಟೆಗೊಂದು ಉಸಿರಾಟದ ಪಟ್ಟಿ. ತೋಳಿಗೆ ರಕ್ತದೊತ್ತಡದ ಪಟ್ಟಿ. ಬೆರಳುಗಳಿಗೆ ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಎಷ್ಟು ಬದಲಾಯಿತೆಂದು ನೋಡುವ ಎಲೆಕ್ಟ್ರೋಡ್. ಕುರ್ಚಿಯಲ್ಲಿ ಅಲುಗಾಟ ಹಿಡಿಯುವ ಪ್ಯಾಡ್. ಈ ಎಲ್ಲ ಗೆರೆಗಳೂ ಒಂದೇ ಚಾರ್ಟಿನಲ್ಲಿ ಬರುತ್ತವೆ. ಸುಳ್ಳಿಗೆಂದೇ ಮೀಸಲಾದ ಗೆರೆ ಅದರಲ್ಲಿಲ್ಲ. ಭಯ, ಸಿಟ್ಟು, ನಾಚಿಕೆ, ‘ಇವರು ನನ್ನನ್ನು ನಂಬುತ್ತಾರೋ ಇಲ್ಲವೋ’ ಎಂಬ ಅಳುಕು, ಎಲ್ಲಕ್ಕೂ ಅದೇ ಬೆವರು, ಅದೇ ನಾಡಿ.

ಪ್ರಶ್ನೆ ಕೇಳುವ ವಿಧಾನಗಳು

ಮೂರು ವಿಧ ನೆನಪಿಟ್ಟರೆ ಸಾಕು.

ಒಂದು, ಸಂಬಂಧಿತ ಮತ್ತು ಅಸಂಬಂಧಿತ ಪ್ರಶ್ನೆಗಳ ವಿಧಾನ. ‘ಕಳೆದ ಕೆಲಸದಲ್ಲಿ ಹಣ ಕದ್ದಿದ್ದೀರಾ?’ ಎಂಬುದರ ಪಕ್ಕ ‘ಇವತ್ತು ಸೋಮವಾರವೇ?’ ಎಂದು ಕೇಳಿ ಎರಡನ್ನೂ ಹೋಲಿಸುವುದು. ಕಳ್ಳತನದ ಪ್ರಶ್ನೆಗೆ ಯಾರ ಎದೆಯಾದರೂ ಹೆಚ್ಚು ಬಡಿದೀತು. ಇದು ದುರ್ಬಲ ವಿಧಾನ, ಮುಂದಕ್ಕೆ ಹೋಗೋಣ.

ಎರಡು, ಹೋಲಿಕೆ ಪ್ರಶ್ನೆಯ ವಿಧಾನ. ಇಲ್ಲಿ ದಿನ ಯಾವುದೆಂದು ಕೇಳುವ ಬದಲು, ಯಾರಿಗೂ ‘ಇಲ್ಲ’ ಎಂದು ನಿರಾಳವಾಗಿ ಹೇಳಲಾಗದ ಪ್ರಶ್ನೆ ಹಾಕುತ್ತಾರೆ: ‘ನಿಮ್ಮನ್ನು ನಂಬಿದವರಿಗೆ ಯಾವತ್ತಾದರೂ ಸುಳ್ಳು ಹೇಳಿದ್ದೀರಾ?’ ಪ್ರಾಮಾಣಿಕ ವ್ಯಕ್ತಿಗೆ ಈ ಪ್ರಶ್ನೆಯೇ ಹೆಚ್ಚು ಕಸಿವಿಸಿ, ತಪ್ಪಿತಸ್ಥನಿಗೆ ಸಂಬಂಧಿತ ಪ್ರಶ್ನೆಯೇ ಹೆಚ್ಚು ಭಯ, ಎಂಬುದು ಊಹೆ. ಅಂಕ ಹಾಕುವ ರೀತಿ ಹೀಗೆ: ಹೋಲಿಕೆ ಪ್ರಶ್ನೆಗೆ ಪ್ರತಿಕ್ರಿಯೆ ದೊಡ್ಡದಾದರೆ ಧನ, ಸಂಬಂಧಿತ ಪ್ರಶ್ನೆಗೆ ದೊಡ್ಡದಾದರೆ ಋಣ, ಪ್ರತಿ ಹೋಲಿಕೆಗೆ −3ರಿಂದ +3ರವರೆಗೆ. ಒಂದೇ ಘಟನೆಯ ಬಗ್ಗೆ ಮೂರು ಚಾರ್ಟ್ ತೆಗೆದು ಕೂಡಿಸಿದಾಗ ಸಾಂಪ್ರದಾಯಿಕ ಗಡಿ +6 ಮತ್ತು −6. +6 ಮುಟ್ಟಿದರೆ ಪಾಸು, −6 ಮುಟ್ಟಿದರೆ ಫೇಲು, ನಡುವೆ ಬಿದ್ದರೆ ‘ಅನಿರ್ಣಿತ’. ಈ ಕೊನೆಯ ಪದವನ್ನು ಗುರುತು ಹಾಕಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೂರು, ಗುಟ್ಟಿನ ಮಾಹಿತಿಯ ಪರೀಕ್ಷೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಲಿಕ್ಕನ್ 1959ರಲ್ಲಿ ಪ್ರಕಟಿಸಿದ್ದು. ಕದ್ದವನಿಗೆ ಮಾತ್ರ ಗೊತ್ತಿರುವ ವಿವರವನ್ನು ಐದು ಆಯ್ಕೆಗಳ ನಡುವೆ ಇಟ್ಟು, ಯಾವುದಕ್ಕೆ ಪ್ರತಿಕ್ರಿಯೆ ಜೋರು ಎಂದು ನೋಡುವುದು. ಏನೂ ಗೊತ್ತಿಲ್ಲದವರು ಆರು ಪ್ರಶ್ನೆಗಳಲ್ಲೂ ಸರಿಯಾದ ಆಯ್ಕೆಗೇ ಅಕಸ್ಮಾತ್ತಾಗಿ ಹೆಚ್ಚು ಪ್ರತಿಕ್ರಿಯಿಸುವ ಸಂಭವ 1/5ರ ಆರನೇ ಘಾತ, ಅಂದರೆ 15,625ರಲ್ಲಿ ಒಂದು. ತರ್ಕದ ದೃಷ್ಟಿಯಿಂದ ಮೂರರಲ್ಲಿ ಗಟ್ಟಿಯಾದದ್ದು ಇದೇ. ಆದರೆ ನೇಮಕಾತಿಯಲ್ಲಿ ಇದು ಕೆಲಸಕ್ಕೆ ಬಾರದು, ಯಾಕೆಂದರೆ ಅಲ್ಲಿ ಘಟನೆಯೇ ನಡೆದಿಲ್ಲ, ಗುಟ್ಟಿನ ವಿವರ ಎಲ್ಲಿಂದ ತರುವುದು? ಹಾಗಾಗಿ ಅಭ್ಯರ್ಥಿಗಳ ಮೇಲೆ ಬಳಸುವುದು ಮೊದಲೆರಡು ವಿಧಾನಗಳನ್ನೇ. ಪ್ರಶ್ನೆಗಳೂ ಅಗಲ: ಮಾದಕ ವಸ್ತು, ಕಳ್ಳತನ, ಗಂಭೀರ ಅಪರಾಧ, ಅರ್ಜಿಯಲ್ಲಿ ಮುಚ್ಚಿಟ್ಟ ಸಂಗತಿ.

ಅಗಲ ಪ್ರಶ್ನೆಗಳ ಇನ್ನೊಂದು ದಂಡ ಗಮನಿಸಿ. ಒಬ್ಬ ನಿರಪರಾಧಿ ಪ್ರತಿ ಪ್ರಶ್ನೆಯನ್ನೂ ಶೇ. 95 ಸಂಭವದಲ್ಲಿ ದಾಟುತ್ತಾನೆ ಎನ್ನಿ. ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆದರೆ ನಾಲ್ಕನ್ನೂ ದಾಟುವ ಸಂಭವ 0.95 × 0.95 × 0.95 × 0.95 = 0.8145. ನೂರಕ್ಕೆ ಹದಿನೆಂಟು-ಹತ್ತೊಂಬತ್ತು ಪ್ರಾಮಾಣಿಕರು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ.

ನಿಜವಾದ ತೊಡಕು: ಪ್ರಶ್ನೆಯ ದಿಕ್ಕು

‘ಸುಳ್ಳು ಹೇಳಿದವರಲ್ಲಿ ಎಷ್ಟು ಮಂದಿ ಫೇಲಾಗುತ್ತಾರೆ?’ ಇದು ಪರೀಕ್ಷೆಯ ಗುಣ.
‘ಫೇಲಾದವರಲ್ಲಿ ಎಷ್ಟು ಮಂದಿ ಸುಳ್ಳು ಹೇಳಿದ್ದರು?’ ಇದು ಕೆಲಸ ಕೊಡುವವರಿಗೆ ಬೇಕಾದ ಉತ್ತರ.

ಕಿವಿಗೆ ಎರಡೂ ಒಂದೇ. ಪದಗಳೂ ಅವೇ, ಹಿಂದುಮುಂದು ಅಷ್ಟೇ. ಮಳೆ ಬಂದರೆ ಅಂಗಳ ಒದ್ದೆ ಎಂಬುದು ನಿಜ. ಅಂಗಳ ಒದ್ದೆಯಾದಾಗಲೆಲ್ಲ ಮಳೆ ಬಂದಿದೆ ಎನ್ನಲಾಗದು, ಯಾರೋ ನೀರು ಚಿಮುಕಿಸಿರಬಹುದು. ಹೀಗೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಂಕಿ ಬಂದ ಕೂಡಲೇ ಮತ್ತೆ ಅದೇ ಗುಂಡಿಗೆ ಬೀಳುತ್ತಾರೆ. ಆದ್ದರಿಂದ ತಲೆ ಎಣಿಸಿಯೇ ಮಾಡೋಣ.

1,000 ಅಭ್ಯರ್ಥಿಗಳು. ಶೇ. 2ರಷ್ಟು, ಅಂದರೆ 20 ಮಂದಿ, ಗಂಭೀರ ವಿಷಯ ಮುಚ್ಚಿಡುತ್ತಿದ್ದಾರೆ. ಉಳಿದ 980 ಮಂದಿ ನಿಜ ಹೇಳುತ್ತಿದ್ದಾರೆ. ಪರೀಕ್ಷೆ ಎರಡೂ ಕಡೆ ಶೇ. 90 ಸರಿ ಎಂದು ಧಾರಾಳವಾಗಿ ಒಪ್ಪಿಕೊಳ್ಳಿ.

ಸುಳ್ಳು ಹೇಳಿದ 20ರಲ್ಲಿ ಫೇಲಾದವರು 18.
ನಿಜ ಹೇಳಿದ 980ರಲ್ಲಿ ಫೇಲಾದವರು 98.
ಒಟ್ಟು ಫೇಲು 116.

ಈಗ 18ನ್ನು ಯಾವುದರಿಂದ ಭಾಗಿಸಬೇಕು? ಕೈ ತಾನಾಗಿ 20ರ ಕಡೆಗೆ ಹೋಗುತ್ತದೆ, 18/20 = ಶೇ. 90 ಎಂದು ಬರೆದುಬಿಡುತ್ತದೆ. ತಪ್ಪು ಅಲ್ಲೇ. 20 ಯಾರು ಯಾರೆಂದು ಪರೀಕ್ಷಕನಿಗೆ ಗೊತ್ತಿಲ್ಲ. ಗೊತ್ತಿದ್ದರೆ ಯಂತ್ರವೇ ಬೇಡವಾಗಿತ್ತು. ಅವನ ಮೇಜಿನ ಮೇಲಿರುವುದು 116 ಫೇಲು ಕಡತಗಳು. ಭಾಗಿಸಬೇಕಾದ್ದು ಅದರಿಂದ: 18/116, ಸುಮಾರು ಶೇ. 15.5. ಫೇಲಾದ ಪ್ರತಿ ಆರೇಳು ಮಂದಿಯಲ್ಲಿ ಒಬ್ಬರಷ್ಟೇ ಸುಳ್ಳು ಹೇಳಿದವರು. ಭಾಗಿಸುವ ಮೊದಲು ‘ಕೈಯಲ್ಲಿರುವ ಕಡತಗಳು ಎಷ್ಟು?’ ಎಂದು ಕೇಳಿಕೊಳ್ಳಿ, ಛೇದ ತಾನಾಗಿ ಸರಿಹೋಗುತ್ತದೆ.

ಇದಕ್ಕೊಂದು ಅಡ್ಡದಾರಿಯಿದೆ, ಇದನ್ನೇ ಬಳಸಿ ಎಂಬುದು ನನ್ನ ಸಲಹೆ. ಶೇಕಡಾವಾರು ಬಿಟ್ಟು ಪಾಲಿನ ಲೆಕ್ಕಕ್ಕೆ ಬನ್ನಿ.

ಹಂತ 1: ಪರೀಕ್ಷೆಗೆ ಮೊದಲಿನ ಪಾಲು. 20ಕ್ಕೆ 980, ಅಂದರೆ 1 : 49.
ಹಂತ 2: ಗುಣಕ. ಸುಳ್ಳು ಹೇಳಿದವರು ಫೇಲಾಗುವ ದರವನ್ನು ನಿಜ ಹೇಳಿದವರು ಫೇಲಾಗುವ ದರದಿಂದ ಭಾಗಿಸಿ. 0.90/0.10 = 9.
ಹಂತ 3: ಎಡಗಡೆಗೆ ಗುಣಿಸಿ. 9 : 49.
ಹಂತ 4: ಶೇಕಡಾ ಬೇಕೆಂದರೆ 9/(9+49) = 9/58 = ಶೇ. 15.5.

ಅದೇ ಗುಣಕ 9ನ್ನು 1 : 1ಕ್ಕೆ ಹಾಕಿ ನೋಡಿ: 9 : 1, ಸರಿಯಾಗಿ ಶೇ. 90. ಅಂದರೆ ಪ್ರಚಾರದ ಶೇ. 90 ನಿಜವಾಗುವುದು ಕೋಣೆಯಲ್ಲಿ ಅರ್ಧ ಮಂದಿ ಸುಳ್ಳುಗಾರರಿದ್ದಾಗ ಮಾತ್ರ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುವುದೂ ಅಷ್ಟೇ, ಅರ್ಧ ಮಂದಿಗೆ ಅಣಕು ಕಳ್ಳತನ ಮಾಡಿಸಿರುತ್ತಾರೆ. ನೇಮಕಾತಿಯ ಸಾಲು ಹಾಗಿರುವುದಿಲ್ಲ.

ಗೂಢಚಾರರ ಕೋಷ್ಟಕ

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿಯಲ್ಲಿ ಇದೇ ಲೆಕ್ಕದ ಕಠಿಣ ರೂಪವಿದೆ. ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಫೈನ್‌ಬರ್ಗ್ ಆ ಸಮಿತಿಯ ಅಧ್ಯಕ್ಷರು. ಕಲ್ಪಿತ ಸಂಸ್ಥೆ, 10,000 ನೌಕರರು, ಅವರಲ್ಲಿ 10 ಗೂಢಚಾರರು. ಪರೀಕ್ಷೆಯನ್ನು ಎರಡು ರೀತಿ ಹೊಂದಿಸಬಹುದು.

ಅನುಮಾನದ ಹೊಂದಾಣಿಕೆ: 8 ಗೂಢಚಾರರು ಸಿಗುತ್ತಾರೆ, ಜೊತೆಗೆ 1,598 ನಿರಪರಾಧಿಗಳು ಫೇಲು.
ಉದಾರ ಹೊಂದಾಣಿಕೆ: 39 ನಿರಪರಾಧಿಗಳಷ್ಟೇ ಫೇಲು, ಆದರೆ ಸಿಗುವ ಗೂಢಚಾರರು 2. ಉಳಿದ 8 ಮಂದಿ ‘ಪಾಸು’ ಚೀಟಿ ಹಿಡಿದು ಒಳಗೇ ಇರುತ್ತಾರೆ.

ಅಡ್ಡದಾರಿಯಿಂದ ತಾಳೆ ನೋಡಿ. ಮೊದಲಿನ ಪಾಲು 10 : 9,990, ಅಂದರೆ 1 : 999. ಅನುಮಾನದ ಹೊಂದಾಣಿಕೆಯಲ್ಲಿ ಗುಣಕ 0.80/0.16 = 5. ಫಲ 5 : 999, ಹತ್ತಿರ ಹತ್ತಿರ ಇನ್ನೂರಕ್ಕೆ ಒಬ್ಬ. ಕೋಷ್ಟಕದ 8/1,606 ಕೂಡ ಅದೇ.

ಎರಡೂ ಹೊಂದಾಣಿಕೆಗಳಲ್ಲಿ ಯಂತ್ರ ಒಂದೇ, ಪಾಸು-ಫೇಲಿನ ನಡುವೆ ಗೆರೆ ಎಳೆದ ಜಾಗ ಮಾತ್ರ ಬೇರೆ. ‘ನಿಖರತೆ ಎಷ್ಟು?’ ಎಂದು ಒಂದೇ ಅಂಕಿ ಕೇಳಿದರೆ ಈ ಆಯ್ಕೆ ಮರೆಯಾಗಿಬಿಡುತ್ತದೆ. (ಹಾಗೆ ನೋಡಿದರೆ ಯಂತ್ರವನ್ನೇ ಹಚ್ಚದೆ ಎಲ್ಲರನ್ನೂ ಪಾಸು ಮಾಡಿದರೂ 10,000ದಲ್ಲಿ 9,990 ಸರಿ, ಶೇ. 99.9 ನಿಖರ!)

ಅದೇ ವರದಿ ಪರಿಶೀಲಿಸಿದ ಪ್ರಯೋಗಾಲಯದ ದತ್ತಾಂಶಗಳಲ್ಲಿ ನಿಖರತೆಯ ಸೂಚ್ಯಂಕದ ಮಧ್ಯಾಂಕ 0.86. ಇದನ್ನು ‘ಶೇ. 86 ಸರಿ’ ಎಂದು ಓದಬೇಡಿ. ಒಬ್ಬ ಸುಳ್ಳುಗಾರ, ಒಬ್ಬ ನಿಜ ಹೇಳುವವ, ಇಬ್ಬರನ್ನೂ ಯಾದೃಚ್ಛಿಕವಾಗಿ ಆರಿಸಿದರೆ ಚಾರ್ಟ್ ಸುಳ್ಳುಗಾರನನ್ನೇ ಹೆಚ್ಚು ಅನುಮಾನಾಸ್ಪದವಾಗಿ ತೋರಿಸುವ ಸಂಭವ ಅದು. ಅದೂ ನಿರ್ದಿಷ್ಟ ಘಟನೆಯ ಕುರಿತು, ವಂಚಿಸುವ ತರಬೇತಿ ಇಲ್ಲದವರ ಮೇಲೆ. ಅಂಥ ಪರೀಕ್ಷೆಗಳು ಆಕಸ್ಮಿಕಕ್ಕಿಂತ ಎಷ್ಟೋ ಮೇಲು, ಪರಿಪೂರ್ಣತೆಗಿಂತ ಎಷ್ಟೋ ಕೆಳಗೆ ಎಂಬುದು ಸಮಿತಿಯ ತೀರ್ಮಾನದ ಸಾರ. ನೇಮಕಾತಿಯ ತಪಾಸಣೆಗೆ ಅಷ್ಟೂ ನಿಖರತೆ ಇರಲಾರದೆಂದು ಸಮಿತಿ ಎಣಿಸಿತು.

‘ಹಾಗಾದರೆ ಎರಡು ಸಲ ಪರೀಕ್ಷಿಸಿ’

ಬುದ್ಧಿವಂತ ವಿದ್ಯಾರ್ಥಿ ಎಡವುವುದು ಇಲ್ಲಿ. ಗುಣಕ 9ನ್ನು ಎರಡು ಸಲ ಹಾಕಿದರೆ 81 : 49, ಅಂದರೆ ಶೇ. 62. ಚೆನ್ನಾಗಿದೆಯಲ್ಲ? ಆದರೆ ಹೀಗೆ ಗುಣಿಸಬೇಕಾದರೆ ಎರಡು ಪರೀಕ್ಷೆಗಳ ತಪ್ಪುಗಳಿಗೆ ಒಂದಕ್ಕೊಂದು ನಂಟಿರಬಾರದು. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆ ನೆನಪಿರುವುದಿಲ್ಲ, ಮನುಷ್ಯನಿಗಿರುತ್ತದೆ. ಹೆದರುವ ಸ್ವಭಾವದಿಂದ ಮೊದಲ ಸಲ ಫೇಲಾದ ಪ್ರಾಮಾಣಿಕ, ಎರಡನೇ ಸಲ ‘ಇದೇ ಪ್ರಶ್ನೆಗೆ ಸಿಕ್ಕಿಬಿದ್ದೆ’ ಎಂಬ ಹೆದರಿಕೆಯನ್ನೂ ಹೊತ್ತು ಬರುತ್ತಾನೆ. ಎರಡನೇ ಪರೀಕ್ಷೆಯ ಗುಣಕ 9 ಇರುವುದಿಲ್ಲ, 1ರ ಕಡೆಗೆ ಜಾರುತ್ತದೆ. ಪೂರ್ತಿ 1 ಆದರೆ ಎರಡನೇ ಪರೀಕ್ಷೆಯಿಂದ ಹೊಸದೇನೂ ತಿಳಿದಂತಾಗಲಿಲ್ಲ.

ವಿಶ್ವಾಸಾರ್ಹತೆ, ಸಿಂಧುತ್ವ ಎಂಬ ಎರಡು ಪದಗಳ ವ್ಯತ್ಯಾಸವೂ ಇದೇ ಮೂಲದ್ದು. ಎರಡು ಕಿಲೋ ಹೆಚ್ಚು ತೋರಿಸುವ ತಕ್ಕಡಿ ಎಷ್ಟು ಸಲ ತೂಗಿದರೂ ಅದನ್ನೇ ತೋರಿಸುತ್ತದೆ. ಇಬ್ಬರು ಪರೀಕ್ಷಕರು ಒಂದೇ ಚಾರ್ಟಿಗೆ ಒಂದೇ ಅಂಕ ಕೊಟ್ಟರು ಎಂಬುದು ವಿಶ್ವಾಸಾರ್ಹತೆ. ಆ ಅಂಕಕ್ಕೂ ಸತ್ಯಕ್ಕೂ ನಂಟಿದೆಯೇ ಎಂಬುದು ಸಿಂಧುತ್ವ.

ಅಂಕಿ ಉಬ್ಬುವ ಎರಡು ದಾರಿ

‘ಅನಿರ್ಣಿತ’ವನ್ನು ನೆನಪಿಟ್ಟಿದ್ದೀರಲ್ಲ? 100 ಪರೀಕ್ಷೆಗಳಲ್ಲಿ 72 ಸರಿ, 8 ತಪ್ಪು, 20 ಅನಿರ್ಣಿತ ಎನ್ನಿ. ಅನಿರ್ಣಿತಗಳನ್ನು ಕೈಬಿಟ್ಟರೆ 72/80 = ಶೇ. 90. ಸೇರಿಸಿದರೆ ಶೇ. 72. ಯಾವ ಅಂಕಿ ಜಾಹೀರಾತಿಗೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ.

ಎರಡನೆಯದು ತಪ್ಪೊಪ್ಪಿಗೆಯ ಬಲೆ. ನಿಜ ಪ್ರಕರಣಗಳ ಅಧ್ಯಯನದಲ್ಲಿ ‘ಸತ್ಯ ಏನು’ ಎಂಬುದನ್ನು ಹೆಚ್ಚಾಗಿ ತಪ್ಪೊಪ್ಪಿಗೆಯಿಂದ ನಿರ್ಧರಿಸುತ್ತಾರೆ. ಆದರೆ ಒತ್ತಾಯದ ವಿಚಾರಣೆ ನಡೆಯುವುದು ಫೇಲಾದವರ ಮೇಲೆ. ಫೇಲಾಗಿ ಒಪ್ಪಿಕೊಂಡವರು ಯಂತ್ರದ ಗೆಲುವಿನ ಖಾತೆಗೆ. ಸುಳ್ಳು ಹೇಳಿ ಪಾಸಾದವರನ್ನು ಯಾರೂ ಮತ್ತೆ ಕೇಳುವುದಿಲ್ಲ, ಅವರು ಅಧ್ಯಯನದ ಪಟ್ಟಿಗೇ ಬರುವುದಿಲ್ಲ. ಯಂತ್ರದ ಸೋಲುಗಳು ದಾಖಲೆಯಾಗದೆ ಉಳಿಯುತ್ತವೆ.

‘ಆದರೂ ಜನ ಒಪ್ಪಿಕೊಳ್ಳುತ್ತಾರಲ್ಲ?’ ಎಂಬ ವಾದಕ್ಕೆ ಉತ್ತರ: ಹೌದು, ಒಪ್ಪಿಕೊಳ್ಳುತ್ತಾರೆ, ಯಂತ್ರ ತಮ್ಮ ಒಳಗನ್ನು ಓದುತ್ತದೆಂದು ನಂಬಿದಾಗ. ಆ ಯಂತ್ರ ಪೊಳ್ಳಾದರೂ ಅದೇ ನಡೆಯಬಹುದು. ಅದು ಉಪಯೋಗದ ಪ್ರಶ್ನೆ, ಸಿಂಧುತ್ವದ್ದಲ್ಲ. ಉತ್ತರಪತ್ರಿಕೆಯಲ್ಲಿ ಎರಡನ್ನೂ ಬೆರೆಸಬೇಡಿ.

ಯಾರಿಗೆ ಅನ್ಯಾಯ?

ಹೋಲಿಕೆ ಪ್ರಶ್ನೆಯ ತರ್ಕವನ್ನು ಮತ್ತೊಮ್ಮೆ ನೋಡಿ. ಪಾಸಾಗಲು ಹೋಲಿಕೆ ಪ್ರಶ್ನೆಗೆ ಕಸಿವಿಸಿ ಆಗಲೇಬೇಕು. ಪರೀಕ್ಷೆಗೆ ಮುಂಚಿನ ಸಂದರ್ಶನದಲ್ಲೇ ಸಣ್ಣಪುಟ್ಟ ತಪ್ಪನ್ನೆಲ್ಲ ಹೇಳಿ ಹಗುರಾದ ಅಭ್ಯರ್ಥಿಗೆ ಅಲ್ಲಿ ಮುಚ್ಚಿಡಲು ಏನೂ ಉಳಿದಿರುವುದಿಲ್ಲ. ಹೋಲಿಕೆಯ ಗೆರೆ ಚಪ್ಪಟೆ, ಕೆಲಸ ಕೈತಪ್ಪೀತೆಂಬ ಆತಂಕಕ್ಕೆ ಸಂಬಂಧಿತ ಪ್ರಶ್ನೆಯ ಗೆರೆ ಎತ್ತರ, ಅಂಕ ಋಣ. ಅತಿ ಪ್ರಾಮಾಣಿಕತೆಗೇ ದಂಡ. ಇನ್ನೊಂದು ಕಡೆ, ಹೋಲಿಕೆ ಪ್ರಶ್ನೆ ಬಂದಾಗ ನಾಲಿಗೆ ಕಚ್ಚುವುದು, ಕಾಲ್ಬೆರಳು ನೆಲಕ್ಕೊತ್ತುವುದು, ಮನಸ್ಸಿನಲ್ಲೇ ಏಳೇಳು ಕಳೆಯುತ್ತ ಎಣಿಸುವುದು ಮುಂತಾದ ಉಪಾಯ ಕಲಿತವರ ಅಂಕ ಧನದ ಕಡೆ ಏರುತ್ತದೆ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತರಬೇತಿ ಪಡೆದ ‘ತಪ್ಪಿತಸ್ಥ’ರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೀಗೆ ಪರೀಕ್ಷೆಯನ್ನು ಸೋಲಿಸಿದರು.

ಪರೀಕ್ಷಕನ ಪೂರ್ವಗ್ರಹ ಇನ್ನೊಂದು. 1986ರಲ್ಲಿ ಅಮೆರಿಕದ ಸಿಬಿಎಸ್ ಟಿವಿ ವಾಹಿನಿ ನಡೆಯದೇ ಇದ್ದ ಕ್ಯಾಮೆರಾ ಕಳ್ಳತನವೊಂದನ್ನು ಸೃಷ್ಟಿಸಿ ಬೇರೆ ಬೇರೆ ಪರೀಕ್ಷಕರನ್ನು ಕರೆಸಿತು. ಪ್ರತಿಯೊಬ್ಬರಿಗೂ ಬೇರೊಬ್ಬ ನೌಕರನ ಮೇಲೆ ‘ಗುಮಾನಿ ಇದೆ’ ಎಂದು ಕಿವಿಯಲ್ಲಿ ಹಾಕಿತು. ಯಾರ ಹೆಸರು ಕಿವಿಗೆ ಬಿದ್ದಿತ್ತೋ ಅವರೇ ಸುಳ್ಳುಗಾರರೆಂದು ಪರೀಕ್ಷಕರು ಹೇಳಿದರು.

ಕಾನೂನು

ಅಮೆರಿಕದ ನೌಕರರ ಪಾಲಿಗ್ರಾಫ್ ರಕ್ಷಣಾ ಕಾಯ್ದೆ 1988ರದು. ಖಾಸಗಿ ಸಂಸ್ಥೆಗಳು ಅಭ್ಯರ್ಥಿಗಳನ್ನು ಪರೀಕ್ಷಿಸುವುದನ್ನು ಅದು ಬಹುಮಟ್ಟಿಗೆ ನಿಷೇಧಿಸಿತು. ಕೆಲವು ಭದ್ರತಾ ಸಂಸ್ಥೆಗಳಿಗೆ ಮತ್ತು ನಿಯಂತ್ರಿತ ಔಷಧಗಳ ತಯಾರಕರು, ವಿತರಕರಿಗೆ ವಿನಾಯಿತಿ. ಸಂಸ್ಥೆಗೆ ನಷ್ಟವಾಗಿ ತನಿಖೆ ನಡೆಯುತ್ತಿದ್ದರೆ, ನಿರ್ದಿಷ್ಟ ನೌಕರನ ಮೇಲೆ ಸಕಾರಣ ಅನುಮಾನವಿದ್ದರೆ ಪರೀಕ್ಷೆಗೆ ಕೇಳಬಹುದು. ಕನಿಷ್ಠ 48 ಗಂಟೆ ಮೊದಲು ಲಿಖಿತ ಸೂಚನೆ ಕೊಡಬೇಕು. ಪರೀಕ್ಷೆ 90 ನಿಮಿಷಕ್ಕಿಂತ ಕಡಿಮೆ ಇರುವಂತಿಲ್ಲ, ಪರೀಕ್ಷಕ ಒಂದು ದಿನಕ್ಕೆ ಐದಕ್ಕಿಂತ ಹೆಚ್ಚು ಪರೀಕ್ಷೆ ಮಾಡುವಂತಿಲ್ಲ, ಧರ್ಮ, ರಾಜಕೀಯ, ಲೈಂಗಿಕ ನಡವಳಿಕೆ, ಕಾರ್ಮಿಕ ಸಂಘದ ಬಗ್ಗೆ ಕೇಳುವಂತಿಲ್ಲ. ಪರೀಕ್ಷೆಗೊಳಗಾದವರು ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದು. ಫಲಿತಾಂಶವೊಂದನ್ನೇ ನೆಚ್ಚಿ ಕೆಲಸದಿಂದ ತೆಗೆಯುವಂತಿಲ್ಲ.

ಸರ್ಕಾರಿ ಉದ್ಯೋಗಗಳು ಈ ಕಾಯ್ದೆಯ ಹೊರಗೆ. ಗುಪ್ತಚರ ಸಂಸ್ಥೆಗಳ ತಪಾಸಣೆ ಅಲ್ಲೇ ಬರುತ್ತದೆ, 1 : 999ರ ಲೆಕ್ಕ ಅತಿ ಕ್ರೂರವಾಗುವುದೂ ಅಲ್ಲೇ. ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿ ಒಮ್ಮೆ, 1991ರಲ್ಲಿ ಮತ್ತೊಮ್ಮೆ ಈ ಪರೀಕ್ಷೆ ಪಾಸಾದ, ಬಂಧನವಾದದ್ದು 1994ರಲ್ಲಿ.