ಮನೆ ವಿಮೆ: ಹೊಳೆ ನೀರಿಗೆ ಹಣ ಉಂಟು, ಎರೆಮಣ್ಣಿನ ಬಿರುಕಿಗಿಲ್ಲ

ಗೋಡೆ ಬಿರಿದಿದೆ, ಮನೆಗೆ ವಿಮೆಯೂ ಇದೆ. ಹಣ ಬರುತ್ತದೆಯೇ? ಗೋಡೆ ಯಾತರಿಂದ ಬಿರಿಯಿತು ಎಂಬುದರ ಮೇಲೆ ಅದು ನಿಂತಿದೆ. ಪಾಲಿಸಿಯಲ್ಲಿ ಕೆಲವು ಅವಘಡಗಳ ಹೆಸರು ಬರೆದಿರುತ್ತದೆ. ಹಾನಿಗೆ ಅವುಗಳಲ್ಲೊಂದು ಕಾರಣವಾದರೆ ಪರಿಹಾರ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ, ಗಲಭೆ, ನೀರಿನ ಟಾಕಿ ಅಥವಾ ಪೈಪು ಒಡೆದು ಆದ ಹಾನಿ ಇದರೊಳಗೆ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದವಲ್ಲ, ಅಂಥ ನೀರು ಒಳಹೊಕ್ಕು ಗೋಡೆ ಬಿದ್ದರೆ ಅದು ಸ್ಪಷ್ಟವಾಗಿ ವಿಮೆಯ ವ್ಯಾಪ್ತಿಯಲ್ಲಿದೆ. ಆದರೆ ಹೊಳೆ ದಂಡೆಯನ್ನು ವರ್ಷವರ್ಷ ಕೊರೆಯುತ್ತ ಬಂದು ನೆಲ ಕುಸಿದರೆ ಪರಿಹಾರವಿಲ್ಲ, ನದಿ ಕೊರೆತವನ್ನು ಪಾಲಿಸಿ ಹೊರಗಿಟ್ಟಿದೆ. ಆಲಮಟ್ಟಿ ಹಿನ್ನೀರಿಗೆಂದು ಸರ್ಕಾರ ಸ್ವಾಧೀನ ಮಾಡಿಕೊಂಡ ಮನೆಯ ಮುಳುಗಡೆ ಪರಿಹಾರಕ್ಕೂ ವಿಮೆಗೂ ಸಂಬಂಧವೇ ಇಲ್ಲ.

ನಮ್ಮ ಬಾಗಲಕೋಟೆ ಭಾಗದವರು ಹೆಚ್ಚು ಎಡವುವುದು ಎರೆಮಣ್ಣಿನ ವಿಷಯದಲ್ಲಿ. ಈ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಸಾಕಷ್ಟು ಆಳಕ್ಕಿಳಿಯದ ಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹುಟ್ಟುವುದು ಹೀಗೆ. ಈ ಬಿರುಕು, ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ಮಣ್ಣು ತುಂಬಿಸಿದ ನೆಲ ಸರಿಯುವುದು, ವಿನ್ಯಾಸ ಅಥವಾ ಕೆಲಸದ ದೋಷ, ಪಕ್ಕದಲ್ಲಿ ಅಗೆದದ್ದರಿಂದ ಆದ ಕುಸಿತ ಯಾವುದಕ್ಕೂ ಹಣ ಬರುವುದಿಲ್ಲ. ಇಲ್ಲಿ ವಿಮೆಗಿಂತ ಪಾಯಕ್ಕೆ ಹಾಕಿದ ದುಡ್ಡೇ ಕೆಲಸಕ್ಕೆ ಬರುತ್ತದೆ. ಹಳೆ ಮಾಳಿಗೆ ವರ್ಷಗಟ್ಟಲೆ ಸೋರಿ ತೊಲೆ ಕೊಳೆತರೆ ಅದೂ ಸವೆತದ ಲೆಕ್ಕಕ್ಕೆ ಸೇರುತ್ತದೆ, ಹಣ ಬರುವುದಿಲ್ಲ.

ಕಳ್ಳತನದ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ನೆರೆ, ಬೆಂಕಿಯಂಥ ಅವಘಡ ನಡೆದ 7 ದಿನದೊಳಗೆ, ಅದರಿಂದಾಗಿಯೇ ಆದ ಕಳ್ಳತನಕ್ಕಷ್ಟೇ ಮೂಲ ಪಾಲಿಸಿ ಹಣ ಕೊಡುತ್ತದೆ. ಮನೆಗೆ ಬೀಗ ಹಾಕಿ ಬನಶಂಕರಿ ಜಾತ್ರೆಗೆ ಹೋದಾಗ ಕಳ್ಳ ಬಂದರೆ ಸಿಗುವುದಿಲ್ಲ. ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. ಒಡವೆಯನ್ನೂ ಪ್ರತ್ಯೇಕವಾಗಿ ಸೇರಿಸಬೇಕು. ನಗದು, ವಾಹನ, ದಾಖಲೆಪತ್ರ ಸಾಮಾನ್ಯವಾಗಿ ಹೊರಗೇ. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಲ್ಲಿ ಮನೆಯಲ್ಲೇ ಮಗ್ಗ ಇಟ್ಟವರು ಗಮನಿಸಬೇಕು: ಮಗ್ಗ, ನೂಲು, ನೇಯ್ದ ಸೀರೆ ವ್ಯಾಪಾರದ ಸರಕು. ಅವುಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿಯಿದೆ. ಮನೆಯಲ್ಲಿ ಮಗ್ಗವಿದೆ ಎಂದು ಅರ್ಜಿಯಲ್ಲಿ ಬರೆಯದೆ ಬಿಡಬೇಡಿ.

ಇನ್ನು ಮೊತ್ತ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ, ಮತ್ತೆ ಕಟ್ಟಲು ತಗಲುವ ಖರ್ಚಷ್ಟೇ. ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಬಳಕೆಯ ನೆಲ) 900 ಚದರ ಅಡಿ, ಕಟ್ಟುವ ದರ ಅಡಿಗೆ 2,000 ರೂಪಾಯಿ ಎಂದುಕೊಂಡರೆ ವಿಮಾ ಮೊತ್ತ 18 ಲಕ್ಷ. ಮನೆಸಾಮಾನಿಗೆ ಅದರ ಶೇ. 20, ಅಂದರೆ 3.6 ಲಕ್ಷ, ತಾನಾಗಿ ಸೇರುತ್ತದೆ (ಮಿತಿ 10 ಲಕ್ಷ). ಅಳತೆ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸಲು ಹೋದರೆ ಕ್ಲೇಮ್ ಹೊತ್ತಿಗೆ ಕುತ್ತು ತಪ್ಪಿದ್ದಲ್ಲ. ಗೋಡೆ, ಚಾವಣಿ ಯಾವುದರಿಂದ ಕಟ್ಟಿದ್ದು ಎಂಬುದನ್ನೂ ಇದ್ದಂತೆ ಬರೆಯಿರಿ. ಹುಲ್ಲು, ಬಿದಿರು, ತಾಡಪತ್ರಿಯ ಮನೆಯನ್ನು ಕಚ್ಚಾ ಕಟ್ಟಡ ಎಂದು ಎಣಿಸುತ್ತಾರೆ.

ಗೃಹಸಾಲ ತೆಗೆದವರು ತಮ್ಮ ಕಡತ ಒಮ್ಮೆ ತೆರೆದು ನೋಡಲಿ. ಬ್ಯಾಂಕು ಕೊಟ್ಟದ್ದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯಾಗಿರಬಹುದು. ಮನೆ ಬಿದ್ದರೆ ಅದರಿಂದ ಒಂದು ಪೈಸೆಯೂ ಬಾರದು.

ಹಾನಿಯಾದಾಗ ಕಂಪನಿಗೆ ತಕ್ಷಣ ತಿಳಿಸಿ, ಕ್ಲೇಮ್ ಅರ್ಜಿಯನ್ನು 30 ದಿನದೊಳಗೆ ಕೊಡಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳ್ಳತನವಾದರೆ ಪೊಲೀಸ್ ದೂರು ಬೇಕು. ನೆರೆ ಇಳಿದ ಮೇಲೆ ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ ಫೋಟೋ ತೆಗೆಯಿರಿ. ರಾಡಿ ಬಳಿದು ತೆಗೆಯಬಹುದು, ಆದರೆ ಕೆಟ್ಟ ಫ್ರಿಜ್, ತೊಯ್ದ ಹಾಸಿಗೆಗಳನ್ನು ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಹಿತ್ತಲಿನಲ್ಲೇ ಇಡಿ.