ಮೈಸೂರಿನ ಫ್ರೀಜರ್‌ಗೆ ಬಂದ ವಿಯೆಟ್ನಾಂ ಮೀನು

ಮೈಸೂರಿನ ನಮ್ಮ ಬಡಾವಣೆಯ ಅಂಗಡಿಯಲ್ಲಿ ಕಳೆದ ವಾರ ಬಾಸಾ ಮೀನಿನ ಪೊಟ್ಟಣವೊಂದನ್ನು ಕೈಗೆತ್ತಿಕೊಂಡೆ. ಮುಳ್ಳು, ಚರ್ಮ ತೆಗೆದ ಬಿಳಿ ತುಂಡುಗಳು. ಹಿಂಬದಿಯಲ್ಲಿ ವಿಯೆಟ್ನಾಂ ಎಂದು ಅಚ್ಚಾಗಿತ್ತು. ಅದರ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಆಮದುದಾರರ ವಿಳಾಸವೂ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆಯೂ ಇದ್ದವು. ಪೊಟ್ಟಣದ ಒಂದು ಮೂಲೆಯಲ್ಲಿ ಮಾತ್ರ ಮಂಜುಗಡ್ಡೆ ಕಲ್ಲಿನಂತೆ ಕೂತಿತ್ತು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಮೀನು ಹೀಗಿರುತ್ತದೆ.

ಕನ್ನಂಬಾಡಿ ಹಿನ್ನೀರಿನ ಮೀನನ್ನಾದರೆ ಕಿವಿರು ಎತ್ತಿ, ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ ಕೊಳ್ಳುತ್ತೇವೆ. ತಲೆಯೇ ಇಲ್ಲದ ತುಂಡನ್ನು ಏನೆಂದು ಪರೀಕ್ಷಿಸುವುದು? ಆ ಚೀಟಿಯನ್ನೇ ನಂಬಬೇಕು. ಚೀಟಿಯ ಹಿಂದೆ ಶತಮಾನಕ್ಕೂ ಹೆಚ್ಚಿನ ಕಾನೂನಿನ ಕಥೆಯಿದೆ. ಆ ಕಥೆಯ ಬಹುಭಾಗದಲ್ಲಿ ತಿನ್ನುವವನ ಸುದ್ದಿಯೇ ಇಲ್ಲ ಎಂಬುದು ನನ್ನ ನೋವು.

1898ರ ಜಾನುವಾರು ಆಮದು ಕಾಯ್ದೆಯಿಂದ ಶುರುಮಾಡೋಣ. ಹಡಗಿನಲ್ಲಿ ಬರುವ ದನ, ಕುದುರೆ, ಕತ್ತೆಗಳಿಂದ ಇಲ್ಲಿನ ಕೊಟ್ಟಿಗೆಗೆ ರೋಗ ತಗಲಬಾರದು ಎಂಬುದು ಅದರ ಕಾಳಜಿ. ಮಾಂಸ, ಮೀನು, ಹಾಲಿನ ಪುಡಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮೀನಿನ ಮಟ್ಟಿಗೆ ಬಾಗಿಲು ಎಷ್ಟು ತೆರೆದಿತ್ತು ಎಂಬುದಕ್ಕೆ ಮಂಡ್ಯದ ಕೆರೆಗಳೇ ಸಾಕ್ಷಿ. ನಾವು ಜಿಲೇಬಿ ಮೀನು ಎನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು. ಅಗ್ಗದ ಆಹಾರವಾಗಲಿ ಎಂದು 1952ರಲ್ಲಿ ದೇಶಕ್ಕೆ ತಂದರು. ಅದು ಕೆರೆಯಿಂದ ಕೆರೆಗೆ ಹಬ್ಬಿ ನಾಟಿ ಮೀನುಗಳ ಪಾಲಿನ ಮೇವನ್ನೂ ಜಾಗವನ್ನೂ ಕಬಳಿಸಿತು.

ಆಮದಿನ ಪ್ರಮಾಣಕ್ಕೇ ಮಿತಿ ಇದ್ದುದರಿಂದ ಕಾನೂನಿನ ಈ ಲೋಪ ಬಹುಕಾಲ ಯಾರನ್ನೂ ಕಾಡಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ 2001ರ ಏಪ್ರಿಲ್ 1ರಂದು ಕೊನೆಯ 715 ಸರಕುಗಳ ಮೇಲಿನ ಮಿತಿಯನ್ನೂ ತೆಗೆಯಬೇಕಾಯಿತು. ಆಗ ಗೊತ್ತಾಯಿತು, ರೋಗವಿರುವ ಮಾಂಸವನ್ನು ಬಂದರಿನಲ್ಲಿ ತಡೆಯಲು ತಕ್ಕ ಕಾನೂನೇ ಇಲ್ಲ! ಜುಲೈನಲ್ಲಿ ಅವಸರದ ಸುಗ್ರೀವಾಜ್ಞೆ ಬಂತು. ಹಳೆಯ ಕಾಯ್ದೆಯೊಳಗೆ ಮಾಂಸ, ಮೊಟ್ಟೆ, ಹಾಲಿನ ಉತ್ಪನ್ನಗಳೂ ಆಮೇಲೆ ಮೀನಿನ ಉತ್ಪನ್ನಗಳೂ ಸೇರಿದವು. ಇನ್ನು ಮುಂದೆ ಸರಕು ಹೊರಡುವ ಮೊದಲೇ ನೈರ್ಮಲ್ಯ ಪರವಾನಗಿ ಪಡೆಯಬೇಕು, ಗೊತ್ತುಪಡಿಸಿದ ಬಂದರುಗಳಲ್ಲಷ್ಟೇ ಇಳಿಸಬೇಕು ಎಂದಾಯಿತು.

ನಾವು ಮಾರುವವರಾಗಿದ್ದಾಗಲಾದರೋ ಪಾಠ ಮೊದಲೇ ಆಗಿತ್ತು. 1997ರಲ್ಲಿ ಐರೋಪ್ಯ ಒಕ್ಕೂಟದ ತಪಾಸಕರು ನಮ್ಮ ಮೀನು ಸಂಸ್ಕರಣಾ ಘಟಕಗಳನ್ನು ನೋಡಿ ಹೋದ ಮೇಲೆ ಭಾರತದ ಮೀನಿಗೆ ನಿಷೇಧ ಬಿತ್ತು. ನೆಲದ ಟೈಲ್ಸ್‌ನಿಂದ ಹಿಡಿದು ಮಂಜುಗಡ್ಡೆಯ ನೀರಿನವರೆಗೆ ಎಲ್ಲವನ್ನೂ ಬದಲಿಸಿಕೊಂಡು ಬಾಗಿಲು ತೆರೆಸಿಕೊಂಡೆವು. ಪರದೇಶದವರ ತಟ್ಟೆಗೆ ತೋರಿದ ಆ ಎಚ್ಚರ ನಮ್ಮ ಮಾರುಕಟ್ಟೆಯ ಮೀನಿಗೆ ಆಗ ಸಿಗಲಿಲ್ಲ.

ತಿನ್ನುವವನ ಕಡೆಗೆ ಕಾನೂನು ಪೂರ್ತಿಯಾಗಿ ತಿರುಗಿದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಿಂದ. ಚೀನಾದ ಹಾಲಿನಲ್ಲಿ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಸಿಕ್ಕಿದಾಗ, 2008ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಹಾಲಿನ ಉತ್ಪನ್ನಗಳನ್ನು ತಡೆದದ್ದು ಸರಿಯಾಗಿಯೇ ಇತ್ತು. ಆದರೆ ಹಕ್ಕಿಜ್ವರದ ಕಾರಣ ಹೇಳಿ ಅಮೆರಿಕದ ಕೋಳಿಯನ್ನು ತಡೆದ ಪ್ರಕರಣದಲ್ಲಿ 2015ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಸೋತೆವು. ಭಯವಿದೆ ಎಂದರೆ ಸಾಲದು, ವೈಜ್ಞಾನಿಕ ಆಧಾರ ತೋರಿಸಬೇಕು ಎಂಬುದು ತೀರ್ಪಿನ ತಿರುಳು.

ಆ ಆಧಾರ ಹುಟ್ಟುವುದು ಪ್ರಯೋಗಾಲಯದಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ನಮ್ಮ ಸಿ.ಎಫ್.ಟಿ.ಆರ್.ಐ. (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದರಲ್ಲಿ ದೊಡ್ಡ ಪಾಲುದಾರ. ಬಂದರಿನಲ್ಲಿ ತೆಗೆದ ಮಾದರಿ ಅನುತ್ತೀರ್ಣವಾಗಿ ಆಮದುದಾರ ಮೇಲ್ಮನವಿ ಹಾಕಿದರೆ ಮರುಪರೀಕ್ಷೆ ನಡೆಸಬಲ್ಲ ಉಲ್ಲೇಖ ಪ್ರಯೋಗಾಲಯಗಳಲ್ಲಿ ಅದೂ ಒಂದು. ಮೈಸೂರಿನವರಾದ ನಾವು ಇದನ್ನು ತಿಳಿದಿರಬೇಕು. ಆಮದಿನ ನಿಯಮಗಳು ಆಮೇಲೆ ಬಿಗಿಯಾಗುತ್ತಲೇ ಹೋದವು. 2023ರ ಫೆಬ್ರುವರಿಯಿಂದ ಮೀನು, ಮಾಂಸ, ಹಾಲು ಕಳಿಸುವ ವಿದೇಶಿ ಕಾರ್ಖಾನೆಗಳೂ ಇಲ್ಲಿ ನೋಂದಾಯಿಸಿಕೊಳ್ಳಬೇಕು.

ಇಷ್ಟೆಲ್ಲ ಕಾವಲು ಇರುವುದು ಬಂದರಿನವರೆಗೆ. ಅಲ್ಲಿಂದ ಮುಂದಿನ ನೂರಾರು ಕಿಲೋಮೀಟರ್ ಹಾದಿ ಎಷ್ಟು ಸಡಿಲ ಎಂಬುದನ್ನು 2018ರ ಫಾರ್ಮಾಲಿನ್ ಪ್ರಕರಣ ತೋರಿಸಿತು. ಶವ ಕೆಡದಂತೆ ಇಡುವ ಆ ರಾಸಾಯನಿಕವನ್ನು ಮೀನಿಗೆ ಹಾಕಿದ್ದರು. ಕೇರಳದ ಗಡಿಯಲ್ಲಿ ಹಿಡಿದ ಆ ಮೀನು ವಿದೇಶದ್ದಲ್ಲ, ನೆರೆ ರಾಜ್ಯಗಳ ಲಾರಿಗಳಲ್ಲಿ ಬಂದದ್ದು. ಕೊಚ್ಚಿಯ ವಿಜ್ಞಾನಿಗಳು ರೂಪಿಸಿದ ಕಾಗದದ ಪಟ್ಟಿಯನ್ನು ಮೀನಿಗೆ ಉಜ್ಜಿ, ಅದರ ಮೇಲೆ ಪರೀಕ್ಷಾ ದ್ರಾವಣದ ಹನಿ ಹಾಕಿದರೆ ಕೆಲವೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅಂಥ ಪಟ್ಟಿ ನಮ್ಮ ಪ್ರತಿ ಮೀನು ಮಾರುಕಟ್ಟೆಯಲ್ಲೂ ಇರಬೇಕು.

ಪೊಟ್ಟಣವನ್ನು ವಾಪಸು ಇಡುವಾಗ ಫ್ರೀಜರಿನ ತಾಪಮಾಪಕ ನೋಡಿದೆ. ಮೈನಸ್ 18 ಡಿಗ್ರಿ ಇರಬೇಕಾದ ಕಡೆ ಮೈನಸ್ 7 ತೋರಿಸುತ್ತಿತ್ತು. ಕಾರಣ ಕೇಳಿದೆ. “ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಸಾರ್, ರಾತ್ರಿ ಬಾಗಿಲು ಹಾಕುವಾಗ ಆಫ್ ಮಾಡಿ ಹೋಗುತ್ತೇವೆ” ಎಂದ, ಅಂಗಡಿಯ ಹುಡುಗ.