ಜಡ್ಜ್ ಆಗಲು ವೋಟು ಕೇಳುವ ಊರಲ್ಲಿ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಕಡೆಯ ಒಂದು ದೀಪಾವಳಿ ಕಾರ್ಯಕ್ರಮ. ಊಟದ ಸಾಲಿನಲ್ಲಿ ನಿಂತಿದ್ದೆ, ಕೈಯಲ್ಲಿ ಪುಳಿಯೋಗರೆ ತಟ್ಟೆ. ಕೋಟು ಟೈ ಹಾಕಿದ್ದ ಒಬ್ಬರು ಬಂದು ಕೈಕುಲುಕಿದರು. ಅಂಗೈಯಗಲದ ಒಂದು ಕಾರ್ಡ್ ಕೊಟ್ಟರು. ‘ಇಪ್ಪತ್ತು ವರ್ಷದಿಂದ ಇಲ್ಲೇ ವಕೀಲಿ ಮಾಡ್ತಿದ್ದೇನೆ, ಈ ಸಲ ಜಡ್ಜ್ ಸ್ಥಾನಕ್ಕೆ ನಿಂತಿದ್ದೇನೆ, ನಿಮ್ಮ ವೋಟು ಬೇಕು’ ಅಂದರು. ನಾನು ತಮಾಷೆ ಅಂದುಕೊಂಡು ನಕ್ಕುಬಿಟ್ಟೆ. ಪಾಪ, ಅವರೂ ನಕ್ಕರು.

ನಮ್ಮೂರಲ್ಲಿ ವಕೀಲರು ವೋಟು ಕೇಳುವುದು ವಕೀಲರ ಸಂಘದ ಚುನಾವಣೆಗೆ ಮಾತ್ರ. ಜಿಲ್ಲಾ ನ್ಯಾಯಾಧೀಶರಾಗಬೇಕೆಂದರೆ ಏಳು ವರ್ಷ ವಕೀಲಿ ಮಾಡಿರಬೇಕು, ಹೈಕೋರ್ಟ್ ನಡೆಸುವ ಪರೀಕ್ಷೆ ಬರೆಯಬೇಕು, ಸಂದರ್ಶನ ದಾಟಬೇಕು. ಅಮೆರಿಕದಲ್ಲೂ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿನ ಜಡ್ಜ್‌ಗಳಿಗೆ ಚುನಾವಣೆ ಇಲ್ಲ. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಆಮೇಲೆ ಜೀವಮಾನವಿಡೀ ಅವರೇ. ಆದರೆ ಡೈವೋರ್ಸ್, ಬಾಡಿಗೆ ಜಗಳ, ಕಳ್ಳತನ, ಕೊಲೆ ಇವೆಲ್ಲ ಹೆಚ್ಚಾಗಿ ನಡೆಯುವುದು ರಾಜ್ಯದ ಕೋರ್ಟುಗಳಲ್ಲಿ. ಅಲ್ಲಿ ಕೂರುವವರನ್ನು ಬಹುಪಾಲು ರಾಜ್ಯಗಳಲ್ಲಿ ಒಂದಲ್ಲ ಒಂದು ಹಂತದಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ, ಇಲ್ಲವೇ ಇಳಿಸುತ್ತಾರೆ.

ಇದು ಹೇಗೆ ಬಂತು? 1776ರ ಸ್ವಾತಂತ್ರ್ಯ ಘೋಷಣೆಯಲ್ಲೇ ಒಂದು ದೂರಿದೆ: ಇಂಗ್ಲೆಂಡಿನ ರಾಜ ಜಡ್ಜ್‌ಗಳ ಅಧಿಕಾರಾವಧಿ, ಸಂಬಳ ಎರಡನ್ನೂ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಾನೆ ಅಂತ. ರಾಜ ಹೋದ ಮೇಲೆ ಆ ಮುಷ್ಟಿ ರಾಜ್ಯಗಳ ಆಡಳಿತ ನಡೆಸುವ ಗವರ್ನರ್‌ಗಳಿಗೆ, ಶಾಸನಸಭೆಗಳಿಗೆ ಸಿಕ್ಕಿತು. ಅವರು ತಮ್ಮ ಕಡೆಯವರನ್ನು ತಂದು ಕೂರಿಸಿದರು. 1832ರಲ್ಲಿ ಮಿಸಿಸಿಪಿ ಎಲ್ಲ ಜಡ್ಜ್‌ಗಳನ್ನೂ ಚುನಾವಣೆಗೆ ಬಿಟ್ಟಿತು, 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು, ಅಂತರ್ಯುದ್ಧದ ಹೊತ್ತಿಗೆ 34 ರಾಜ್ಯಗಳಲ್ಲಿ 24 ಸೇರಿಕೊಂಡಿದ್ದವು. ಪಕ್ಷಗಳ ಕೈ ಜಾಸ್ತಿಯಾಯಿತು ಅನ್ನಿಸಿದಾಗ ಕೆಲವು ರಾಜ್ಯಗಳು ಮತಪತ್ರದಿಂದ ಪಕ್ಷದ ಹೆಸರು ತೆಗೆದವು. 1940ರಲ್ಲಿ ಮಿಸೌರಿ ಮೂರನೇ ದಾರಿ ಹುಡುಕಿತು: ಸಮಿತಿ ಕೆಲವು ಹೆಸರು ಕೊಡಬೇಕು, ಗವರ್ನರ್ ಒಂದನ್ನು ಆರಿಸಬೇಕು, ಜನ ಆಮೇಲೆ ‘ಇರಲಿ’ ಅಥವಾ ‘ಬೇಡ’ ಅನ್ನಬೇಕು. ಅದೂ ಪೂರ್ತಿ ತಣ್ಣಗಿರಲಿಲ್ಲ. ಇಂಥದ್ದೇ ‘ಇರಲಿ–ಬೇಡ’ ವೋಟಿನಲ್ಲಿ 1986ರಲ್ಲಿ ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮತ್ತು ಇನ್ನಿಬ್ಬರು ಮನೆಗೆ ಹೋದರು. ಆ ಪ್ರಚಾರದ ತುಂಬ ಇದ್ದದ್ದು ಮರಣದಂಡನೆಯ ಮಾತು.

ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಹತ್ತಿರದಿಂದ ಕಂಡದ್ದು ಟೆಕ್ಸಸ್, ಅಲ್ಲಿಗೆ ಬರುತ್ತೇನೆ.

ಟೆಕ್ಸಸ್‌ನಲ್ಲಿ 1850ರಿಂದ ಜಡ್ಜ್ ಚುನಾವಣೆ ಇದೆ. ನಡುವೆ ಕೆಲವು ವರ್ಷ ತಪ್ಪಿತು, 1876ರ ಸಂವಿಧಾನದಲ್ಲಿ ಮತ್ತೆ ಬಂತು. ಹೆಸರಿನ ಜೊತೆ ಪಕ್ಷವೂ ಮತಪತ್ರದಲ್ಲಿ ಇರುತ್ತದೆ. ನೂರು ವರ್ಷ ಅಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ರಾಜ್ಯಭಾರ. ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಪ್ರೈಮರಿ ಚುನಾವಣೆ ಗೆದ್ದರೆ ಮುಗಿಯಿತು, ಹಾಲಿ ಜಡ್ಜ್ ಎದುರು ನಿಲ್ಲುವವರೂ ಕಮ್ಮಿ. (ಹೊಸಬರಿಗೊಂದು ಕಿವಿಮಾತು: ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಇಲ್ಲಿ ‘ಕೌಂಟಿ ಜಡ್ಜ್’ ಅಂದರೆ ಮುಖ್ಯವಾಗಿ ಆಡಳಿತ ನಡೆಸುವವರು, ನಮ್ಮ ಜಿಲ್ಲಾಧಿಕಾರಿ ಇದ್ದ ಹಾಗೆ. ದೊಡ್ಡ ಕೇಸುಗಳ ವಿಚಾರಣೆ ನಡೆಸುವವರು ಡಿಸ್ಟ್ರಿಕ್ಟ್ ಜಡ್ಜ್. ಅವರ ಅವಧಿ ನಾಲ್ಕು ವರ್ಷ.)

ಅಭ್ಯರ್ಥಿ ಯಾರೆಂದು ಗೊತ್ತಿಲ್ಲದೆ ವೋಟು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿನವರು 1976ರ ಕಥೆ ಹೇಳುತ್ತಾರೆ. ಡಾನ್ ಯಾರ್ಬ್ರೋ ಅನ್ನುವ ವಕೀಲರು ರಾಜ್ಯದ ಸುಪ್ರೀಂ ಕೋರ್ಟಿಗೆ ಆರಿಸಿ ಬಂದರು. ಯಾರ್ಬರೊ ಎಂಬ ಅಡ್ಡಹೆಸರಿನ ಹೆಸರಾಂತ ರಾಜಕಾರಣಿಗಳು ಆಗ ರಾಜ್ಯದಲ್ಲಿದ್ದರು, ಒಬ್ಬರು ಸೆನೆಟರ್ ಆಗಿದ್ದವರು. ಅವರದೇ ಹೆಸರು ಅಂದುಕೊಂಡು ಜನ ಒತ್ತಿದರು ಅನ್ನುವುದು ಇಂದಿಗೂ ಎಲ್ಲರೂ ಒಪ್ಪುವ ವಿವರಣೆ. ಕ್ರಿಮಿನಲ್ ಆರೋಪಗಳು ಸುತ್ತಿಕೊಂಡು ವರ್ಷ ತುಂಬುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಎಂಬತ್ತರ ದಶಕದಲ್ಲಿ ರಿಪಬ್ಲಿಕನ್ ಪಕ್ಷ ಬಲಿಯಿತು. ಪೈಪೋಟಿ ಬಂತು, ಅದರ ಹಿಂದೆ ದುಡ್ಡು ಬಂತು. ಪೆನ್‌ಜಾಯಿಲ್ ಮತ್ತು ಟೆಕ್ಸಾಕೊ ಎಂಬ ಎರಡು ಎಣ್ಣೆ ಕಂಪನಿಗಳ ಜಗಳ ಹ್ಯೂಸ್ಟನ್ ಕೋರ್ಟಿನಲ್ಲಿತ್ತು. 1985ರಲ್ಲಿ ಜ್ಯೂರಿ ಪೆನ್‌ಜಾಯಿಲ್ ಕಡೆಗೆ 1,000 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಹೇಳಿತು. ಕೇಸ್ ಶುರುವಾದಾಗ ಅದನ್ನು ನೋಡುತ್ತಿದ್ದ ಜಡ್ಜ್ ಅವರ ಚುನಾವಣಾ ನಿಧಿಗೆ ಪೆನ್‌ಜಾಯಿಲ್ ಪರ ವಕೀಲರು 10,000 ಡಾಲರ್ ಕೊಟ್ಟಿದ್ದರು. ಬೇರೆ ಜಡ್ಜ್ ಬೇಕು ಅಂತ ಟೆಕ್ಸಾಕೊ ಕೇಳಿತು, ಆಗಲಿಲ್ಲ. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ನನಗೆ ಎದೆಗೆ ನಾಟಿದ್ದೇ ಅದು. 1995ರಲ್ಲಿ ಕಾನೂನು ಮಾಡಿ ದೇಣಿಗೆಗೆ ಮಿತಿ ಹಾಕಿದರು.

ಮಿತಿ ಹಾಕಿದರೂ ಕೊಡುವವರು ಯಾರು? ನಾನು ಕೊಟ್ಟಿಲ್ಲ, ನನ್ನ ಪಕ್ಕದ ಮನೆಯವರೂ ಕೊಟ್ಟಿಲ್ಲ. ವಿಚಾರಣಾ ಕೋರ್ಟಿನ ಜಡ್ಜ್ ಯಾರಾಗುತ್ತಾರೆ ಅನ್ನುವುದರ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳುವವರು ನಾಳೆ ಅವರ ಮುಂದೆ ನಿಲ್ಲಬೇಕಾದ ವಕೀಲರೇ. ಅಭ್ಯರ್ಥಿ ಕೇಳಿದಾಗ ‘ಇಲ್ಲ’ ಅನ್ನುವುದು ಅವರಿಗೆ ಸುಲಭವಾ?

ಈ ಪ್ರಶ್ನೆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಆದರೆ ಟೆಕ್ಸಸ್‌ನಿಂದಲ್ಲ, ಫ್ಲೋರಿಡಾದಿಂದ. ಲನೆಲ್ ವಿಲಿಯಮ್ಸ್-ಯೂಲಿ 1991ರಿಂದ ವಕೀಲಿ ಮಾಡುತ್ತಿದ್ದವರು. 2009ರಲ್ಲಿ ಟ್ಯಾಂಪಾ ನಗರವಿರುವ ಹಿಲ್ಸ್‌ಬರೊ ಕೌಂಟಿಯಲ್ಲಿ ಕೆಳಹಂತದ ಜಡ್ಜ್ ಸ್ಥಾನಕ್ಕೆ ನಿಂತರು. ಮತದಾರರಿಗೆ ಒಂದು ಪತ್ರ ಕಳಿಸಿದರು: ತಾನು ಸ್ಪರ್ಧಿಸುತ್ತಿದ್ದೇನೆ, 25, 50, 100, 250 ಅಥವಾ 500 ಡಾಲರ್ ಕೊಟ್ಟು ಸಹಾಯ ಮಾಡಿ. ಕೆಳಗೆ ಅವರದೇ ಸಹಿ. ಫ್ಲೋರಿಡಾ ನಿಯಮದಂತೆ ಅಭ್ಯರ್ಥಿ ತಾನೇ ದುಡ್ಡು ಕೇಳುವಂತಿಲ್ಲ. ಅವರ ಸಮಿತಿ ಕೇಳಬಹುದು, ಕೊಟ್ಟವರಿಗೆ ಅಭ್ಯರ್ಥಿ ಥ್ಯಾಂಕ್ಸ್ ಪತ್ರ ಬರೆಯಬಹುದು, ಸಹಿ ಮಾಡಿ ಕೇಳಬಾರದು ಅಷ್ಟೆ! ಅವರು ಚುನಾವಣೆಯಲ್ಲಿ ಸೋತರು. ಮೇಲಿಂದ ನಿಯಮ ಮುರಿದದ್ದಕ್ಕೆ ಬಹಿರಂಗ ಛೀಮಾರಿ, ವಿಚಾರಣೆಯ 1,860 ಡಾಲರ್ ಖರ್ಚು. ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಹೋರಾಡಿ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಅಲ್ಲೂ ಸೋತರು. ಚುನಾವಣೆಯ ಮೂಲಕ ಬಂದರೂ ಜಡ್ಜ್‌ಗಳು ರಾಜಕಾರಣಿಗಳಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಓದಲು ಚೆನ್ನಾಗಿದೆ. ಟೆಕ್ಸಸ್‌ನಲ್ಲಿ ಇವತ್ತಿಗೂ ಅಭ್ಯರ್ಥಿ ತಾನೇ ಫೋನ್ ಮಾಡಿ ದೇಣಿಗೆ ಕೇಳಬಹುದು.

2018ರ ನವೆಂಬರ್‌ನಲ್ಲಿ ನಾನು ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ ವೋಟು ಹಾಕಿದೆ. ಆಗಿನ ಯಂತ್ರದಲ್ಲಿ ಒಂದು ಚಕ್ರ ಇತ್ತು, ಹಳೇ ರೇಡಿಯೊದಲ್ಲಿ ಸ್ಟೇಷನ್ ಹುಡುಕುವ ಹಾಗೆ ತಿರುಗಿಸಬೇಕು. ಮೊದಲ ಪರದೆಯಲ್ಲಿ ಸೆನೆಟ್. ತಿರುಗಿಸುತ್ತಾ ಹೋದಂತೆ ಜಡ್ಜ್‌ಗಳು ಶುರು. ಸಿವಿಲ್, ಕ್ರಿಮಿನಲ್, ಫ್ಯಾಮಿಲಿ, ಪ್ರೊಬೇಟ್ (ಉಯಿಲಿನ ಕೇಸುಗಳು). ಹತ್ತು, ಇಪ್ಪತ್ತು, ಮೂವತ್ತು. ಮನೆಯಲ್ಲಿ ಕೂತು ವಕೀಲರ ಸಂಘದ ಸಮೀಕ್ಷೆ ನೋಡಿ ಹನ್ನೆರಡು ಹೆಸರು ಬರೆದುಕೊಂಡು ಹೋಗಿದ್ದೆ. ಆ ಚೀಟಿ ಮೂರೇ ನಿಮಿಷದಲ್ಲಿ ಮುಗಿಯಿತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಉಳಿದವರಿಗೆ ನಾನು ಏನು ನೋಡಿ ಒತ್ತಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಹೆಚ್ಚಿನವರಿಗೆ ಅಷ್ಟು ಕಷ್ಟವೂ ಇರಲಿಲ್ಲ. ಒಂದೇ ಗುಂಡಿ ಒತ್ತಿದರೆ ಮೇಲಿಂದ ಕೆಳಗಿನವರೆಗೆ ಒಂದೇ ಪಕ್ಷಕ್ಕೆ ವೋಟು ಬೀಳುವ ಸೌಲಭ್ಯ ಆಗ ಇತ್ತು. ಅವತ್ತು ರಾತ್ರಿ ಕೌಂಟಿಯಲ್ಲಿ ಸ್ಪರ್ಧೆಯಲ್ಲಿದ್ದ 59 ರಿಪಬ್ಲಿಕನ್ ಜಡ್ಜ್‌ಗಳೂ ಸೋತರು. ವರ್ಷಗಟ್ಟಲೆ ಅನುಭವ ಇದ್ದವರು, ಒಳ್ಳೆಯ ಹೆಸರಿದ್ದವರು, ಇಲ್ಲದವರು ಎಲ್ಲ ಒಟ್ಟಿಗೆ. ಇನ್ನೊಂದು ಕಡೆಯಿಂದ ನೋಡಿದರೆ, ಅದೇ ರಾತ್ರಿ 17 ಕಪ್ಪು ಮಹಿಳೆಯರು ಜಡ್ಜ್‌ಗಳಾಗಿ ಆಯ್ಕೆಯಾದರು. ಆ ಕೋರ್ಟುಗಳು ಅಲ್ಲಿಯವರೆಗೆ ಕಂಡಿರದ ದೃಶ್ಯ ಅದು. ನೇಮಕದ ಪದ್ಧತಿಯಲ್ಲಿ ಅವರಲ್ಲಿ ಎಷ್ಟು ಜನಕ್ಕೆ ಕರೆ ಬರುತ್ತಿತ್ತು?

ಪಕ್ಕದ ಫೋರ್ಟ್ ಬೆಂಡ್ ಕೌಂಟಿಯಲ್ಲೂ ಇದೇ ಪ್ರಶ್ನೆ. ಸುರೇಂದ್ರನ್ ಪಟ್ಟೇಲ್ ನಮ್ಮ ಗಡಿಯಾಚೆಯ ಕಾಸರಗೋಡಿನವರು. ಚಿಕ್ಕಂದಿನಲ್ಲಿ ಬೀಡಿ ಕಟ್ಟಿದವರು, ಹತ್ತನೇ ಕ್ಲಾಸಿನ ನಂತರ ಒಂದು ವರ್ಷ ಓದು ಬಿಟ್ಟವರು. ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ, ಆಮೇಲೆ ದೆಹಲಿಯಲ್ಲಿ ವಕೀಲಿ ಮಾಡಿ 2007ರಲ್ಲಿ ಹ್ಯೂಸ್ಟನ್‌ಗೆ ಬಂದರು. ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಇಲ್ಲಿ ವಕೀಲಿ ಮಾಡಲು ಬೇಕಾದ ಬಾರ್ ಪರೀಕ್ಷೆ ಪಾಸು ಮಾಡಿದರು. 2020ರ ಪ್ರೈಮರಿಯಲ್ಲಿ ಸೋತರು. 2022ರಲ್ಲಿ ತಮ್ಮದೇ ಪಕ್ಷದ ಹಾಲಿ ಜಡ್ಜ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿ, ನವೆಂಬರ್‌ನಲ್ಲೂ ಗೆದ್ದು, 2023ರ ಜನವರಿಯಲ್ಲಿ 240ನೇ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಕೂತರು. ತಮ್ಮ ಇಂಗ್ಲಿಷ್ ಉಚ್ಚಾರದ ಬಗ್ಗೆ ಪ್ರಚಾರದ ವೇಳೆ ಟೀಕೆ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಚುನಾವಣೆ ಬೇಡ ಅಂತ ವಾದಿಸಲು ಕೂತಾಗಲೆಲ್ಲ ನನಗೆ ಈ ಕಥೆ ಅಡ್ಡ ಬರುತ್ತದೆ.

ಇತ್ತ ಸರ್ಕಾರವೂ ಸುಮ್ನೆ ಕೂತಿರಲಿಲ್ಲ. ಒಂದೇ ಗುಂಡಿಯ ಸೌಲಭ್ಯ 2020ರಲ್ಲಿ ಹೋಯಿತು. ಜಡ್ಜ್‌ಗಳನ್ನು ಹೇಗೆ ಆರಿಸಬೇಕು ಅಂತ ನೋಡಲು 2019ರಲ್ಲಿ ಒಂದು ಆಯೋಗ ಆಯಿತು, 2020ರ ಕೊನೆಗೆ ವರದಿ ಬಂತು. ಬದಲಿಗೆ ಯಾವ ಪದ್ಧತಿ ಬೇಕು ಅನ್ನುವುದಕ್ಕೆ ಸದಸ್ಯರಲ್ಲಿ ಒಮ್ಮತ ಬರಲಿಲ್ಲ. 2021ರಲ್ಲಿ ಜನರೇ ವೋಟು ಹಾಕಿ ಒಂದು ತಿದ್ದುಪಡಿ ಒಪ್ಪಿದರು: ಡಿಸ್ಟ್ರಿಕ್ಟ್ ಜಡ್ಜ್ ಆಗಲು ಬೇಕಾದ ಅನುಭವ ನಾಲ್ಕು ವರ್ಷದಿಂದ ಎಂಟಕ್ಕೆ ಏರಿತು. 2025ರ ಜನವರಿಯಿಂದಾಚೆಗೆ ಅವಧಿ ಶುರುವಾಗುವ ಹೊಸಬರಿಗೆ ಇದು ಲಾಗು. ಅಷ್ಟರಮಟ್ಟಿಗೆ ಸರಿ.

ಮೊನ್ನೆ ಅಡುಗೆಮನೆ ಡ್ರಾಯರ್‌ನಲ್ಲಿ ದೀಪಾವಳಿಯ ಆ ಕಾರ್ಡ್ ಸಿಕ್ಕಿತು. ಮುಂದೆ ಅವರ ಫೋಟೊ, ಜಡ್ಜ್ ಸುತ್ತಿಗೆಯ ಚಿತ್ರ, ‘ಅನುಭವಿ, ನಿಷ್ಪಕ್ಷಪಾತಿ’ ಅನ್ನುವ ಇಂಗ್ಲಿಷ್ ಸಾಲು. ಹಿಂದೆ ಆ ವರ್ಷದ ಫುಟ್‌ಬಾಲ್ ಪಂದ್ಯಗಳ ವೇಳಾಪಟ್ಟಿ. ಮಗ ಅದಕ್ಕೇ ಎತ್ತಿಟ್ಟಿದ್ದನಂತೆ.